ಬೀಗ ಹಾಕಿದ ಮನೆಯೋ, ಬಿಟ್ಟುಹೋದ ಮನೆಯೋ?

ಓದುಗರ ಪ್ರಶ್ನೆಗೆ ಉತ್ತರ: ಈ ಬಾರಿ ಮಲೆನಾಡಿನ ಹಳೇ ಮನೆಗಳು

ಪ್ರಶ್ನೆ: ಹೊಸನಗರ, ತೀರ್ಥಹಳ್ಳಿ ಕಡೆ ಸುತ್ತುವಾಗ ಕಾಡಂಚಿನಲ್ಲಿ ಒಂಟಿ ಮನೆಗಳು ಕಣ್ಣಿಗೆ ಬೀಳುತ್ತವೆ. ಹಂಚು ಜಾರಿರುತ್ತದೆ, ಅಂಗಳದಲ್ಲಿ ಆಳೆತ್ತರದ ಗಿಡ. ಒಳಗೆ ಹೋಗಿ ಫೋಟೊ ತೆಗೆಯುವ ಆಸೆ. ನಿಜಕ್ಕೂ ಯಾರೂ ಇಲ್ಲದ ಮನೆ ಎಂದು ಗೊತ್ತಾಗುವುದು ಹೇಗೆ? (ಶಿವಮೊಗ್ಗದ ಓದುಗರು)

ಉತ್ತರ: ಅಂಗಳದ ಗಿಡ ನೋಡಿ ಏನನ್ನೂ ತೀರ್ಮಾನಿಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತಿ ಹಿಡಿಯುವವರಿಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ಕಮ್ಯುನಿಸ್ಟ್ ಗಿಡ ಆಳೆತ್ತರ ಬೆಳೆಯುತ್ತದೆ, ಮೆಟ್ಟಿಲೆಲ್ಲ ಪಾಚಿ ಕಟ್ಟುತ್ತದೆ. ಬಾಗಿಲಿಗೆ ಅಡ್ಡವಾಗಿ ಜೇಡರ ಬಲೆ ಇದೆ ಎನ್ನುವುದೂ ಲೆಕ್ಕಕ್ಕಿಲ್ಲ, ಅದು ಒಂದು ರಾತ್ರಿಯ ಕೆಲಸ. ಬೆಂಗಳೂರಿನಲ್ಲಿರುವ ಮನೆಯವರು ನವರಾತ್ರಿಗೋ ಭೂಮಿ ಹುಣ್ಣಿಮೆಗೋ ಬಂದು ಬಾಗಿಲು ತೆಗೆಯುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಹಾಗಾಗಿ ಹುಡುಕಬೇಕಾದದ್ದು ಪಾಳು ಬಿದ್ದ ಗುರುತನ್ನಲ್ಲ, ಮನುಷ್ಯರ ಕೈ ತಾಗದೆ ಆಗದ ಕೆಲಸ ಎಲ್ಲಾದರೂ ಕಾಣುತ್ತದೆಯೇ ಎಂಬುದನ್ನು.

ಮೊದಲು ತೋಟ ನೋಡಿ, ಮನೆಯನ್ನಲ್ಲ. ಅಡಿಕೆ ಮರದ ಬುಡ ಎಲ್ಲವನ್ನೂ ಹೇಳುತ್ತದೆ. ಬಿದ್ದ ಹಣ್ಣಡಿಕೆ ಹೆಕ್ಕುವವರಿಲ್ಲದೆ ಅಲ್ಲೇ ಮೊಳೆತು, ಗೇಣುದ್ದ, ಮೊಳದುದ್ದದ ಸಸಿಗಳು ಒತ್ತೊತ್ತಾಗಿ ನಿಂತಿದ್ದರೆ ಕೆಲವು ವರ್ಷಗಳಿಂದ ಕೊಯ್ಲೇ ಆಗಿಲ್ಲ ಎಂದರ್ಥ. ಸೋಗೆ ಬಿದ್ದಲ್ಲೇ ಕೊಳೆಯುತ್ತಿದೆಯೇ, ಕಡಿದು ಬುಡಕ್ಕೆ ಹಾಕಿದ್ದಾರೆಯೇ ನೋಡಿ. ಮಳೆಗಾಲದಲ್ಲಾದರೆ ತಲೆಯೆತ್ತಿ ಅಡಿಕೆ ಗೊನೆ ನೋಡಿ. ಕೊಳೆರೋಗಕ್ಕೆ ಹೊಡೆದ ಬೋರ್ಡೋ ಮಿಶ್ರಣದ ನೀಲಿ ಕಲೆ ಇದ್ದರೆ ಅಥವಾ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿದ್ದರೆ ಆ ವರ್ಷವೇ ಯಾರೋ ದುಡ್ಡು ಖರ್ಚು ಮಾಡಿ ಮರ ಹತ್ತಿಸಿದ್ದಾರೆ. ಮನೆ ಖಾಲಿ ಇದ್ದು ತೋಟ ಚೇಣಿಗೆ (ಫಸಲಿನ ಗುತ್ತಿಗೆಗೆ) ಹೋಗಿರುವುದು ತುಂಬ ಸಾಮಾನ್ಯ. ಅಡಿಕೆ ಕಳ್ಳತನದ ಭಯದಲ್ಲಿರುವ ಚೇಣಿದಾರ ಅಪರಿಚಿತರನ್ನು ಕಂಡರೆ ಮನೆಯ ಯಜಮಾನನಿಗಿಂತ ಗಟ್ಟಿಯಾಗಿ ವಿಚಾರಿಸಿಕೊಳ್ಳುತ್ತಾನೆ. ಅವನದ್ದು ನ್ಯಾಯವೇ.

ಎರಡನೆಯದು ಅಬ್ಬಿ ನೀರು. ಗುಡ್ಡದ ಒರತೆಯಿಂದ ಬರುವ ಕಪ್ಪು ಪೈಪಿನ ಬಾಯಿಗೆ ತರಗೆಲೆ ಸಿಕ್ಕಿಕೊಳ್ಳುತ್ತದೆ, ಹಂದಿ ಎಳೆಯುತ್ತದೆ, ಜಾಯಿಂಟ್ ಕಳಚುತ್ತದೆ. ನೋಡಿಕೊಳ್ಳುವವರಿಲ್ಲದ ಪೈಪಿನಲ್ಲಿ ನೀರು ಬಹಳ ದಿನ ಬರುವುದಿಲ್ಲ. ಫೆಬ್ರುವರಿ, ಮಾರ್ಚ್‌ನಲ್ಲೂ ಬಚ್ಚಲ ಹಿಂದಿನ ತೊಟ್ಟಿಗೆ ನೀರು ಬೀಳುತ್ತಿದ್ದರೆ ಇತ್ತೀಚೆಗೆ ಯಾರೋ ಮೇಲಿನ ತನಕ ಹೋಗಿ ಬಂದಿದ್ದಾರೆ. ತುಳಸಿ ಕಟ್ಟೆಗೂ ಇದೇ ಲೆಕ್ಕ. ಮಳೆಗಾಲದಲ್ಲಿ ತುಳಸಿ ತಾನಾಗಿ ಹುಟ್ಟುತ್ತದೆ. ಏಪ್ರಿಲ್‌ನಲ್ಲಿ ಕಟ್ಟೆಯ ಮೇಲೆ ಹಸಿರಾಗಿದ್ದರೆ ನೀರು ಹೊಯ್ಯುವ ಕೈ ಇದೆ.

ಆಮೇಲೆ ಮನೆಯ ಮಾಡು, ಅಂದರೆ ಸೂರು. ಹಳೇ ಕಪ್ಪು ಹಂಚುಗಳ ನಡುವೆ ಎರಡು ಮೂರು ಕೆಂಪು ಹಂಚು, ಅಥವಾ ಕಲ್ಲು ಹೇರಿದ ಪ್ಲಾಸ್ಟಿಕ್ ಶೀಟ್ ಕಂಡರೆ ಹಂಚು ಕೈಯಾಡಿಸುವವರಿದ್ದಾರೆ. ದಣಪೆಯ (ಗಳು ಅಡ್ಡ ಹಾಕಿದ ಬೇಲಿ ಬಾಗಿಲಿನ) ಗಳು ಹೊಸದೇ? ಕಟ್ಟಿದ ನೈಲಾನ್ ಹಗ್ಗಕ್ಕೆ ಬಣ್ಣ ಇದೆಯೇ? ಬೀಗ ತುಕ್ಕು ಹಿಡಿದಿದ್ದರೂ ಕೀಲಿ ಹಾಕುವ ತೂತಿನ ಸುತ್ತ ಎಣ್ಣೆಯ ಜಿಡ್ಡು ಇದ್ದರೆ ಅದು ತೆರೆಯುವ ಬೀಗ. ಕರೆಂಟಿನ ವಿಷಯದಲ್ಲಿ ಎಚ್ಚರ: ಕಂಬದಿಂದ ಮನೆಗೆ ತಂತಿ ಇದ್ದು ಮೀಟರಿನ ದೀಪ ಹೊತ್ತಿದ್ದರೆ ಮಾಲೀಕರಿದ್ದಾರೆ ಎಂದರ್ಥವೇ ಹೊರತು ವಾಸವಿದ್ದಾರೆ ಎಂದಲ್ಲ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಯೋಜನೆಯಲ್ಲಿರುವ ಖಾಲಿ ಮನೆಗೆ ಬಿಲ್ಲೇ ಬರದಿದ್ದಾಗ ಸಂಪರ್ಕ ತೆಗೆಸುವವರು ಯಾರು? ತಂತಿ ಇಲ್ಲದಿದ್ದರೂ ಸೋಲಾರ್ ಹಲಗೆ ಇರಬಹುದು.

ಇಷ್ಟನ್ನೂ ದಣಪೆಯ ಹೊರಗೆ, ದಾರಿಯಲ್ಲಿ ನಿಂತೇ ಆದಷ್ಟು ನೋಡಿ. ಒಂದೂ ಗುರುತು ಸಿಗದಿದ್ದರೂ ಒಳಗೆ ಹೋಗಬಹುದು ಎಂದಾಗಲಿಲ್ಲ, ಕೇಳಬೇಕು ಅಷ್ಟೆ. ಕೇಳಬೇಕಾದದ್ದು ಪಕ್ಕದ ಮನೆಯಲ್ಲಿ, ಅದು ಒಂದು ಕಿಲೋಮೀಟರ್ ದೂರವಿದ್ದರೂ. ಹೊರಗಿನಿಂದಲೇ ‘ಅಮ್ಮಾ, ಯಾರಾದ್ರೂ ಇದ್ದೀರಾ?’ ಎಂದು ಕೂಗಿ. ನಾಯಿ ಇರುತ್ತದೆ. ಎಲ್ಲಿಂದ ಬಂದಿರಿ, ಏಕೆ ಬಂದಿರಿ ಎನ್ನುವುದನ್ನು ಮೊದಲು ಹೇಳಿ, ಆಮೇಲೆ ಮನೆ ಯಾರದ್ದೆಂದು ಕೇಳಿ. ನೆರೆಯವರ ಹತ್ತಿರ ಮನೆಯವರ ಫೋನ್ ನಂಬರ್ ಸಾಮಾನ್ಯವಾಗಿ ಇರುತ್ತದೆ. ಅವರೇ ಫೋನ್ ಮಾಡಿ ಕೊಟ್ಟರೆ ನಿಮ್ಮ ಕೆಲಸ ಮುಗಿಯಿತು. ಹಳೇ ಮನೆ ಹುಡುಕಿಕೊಂಡು ಬಂದವರನ್ನು ಕಂಡಾಗ ಹಳ್ಳಿಯವರಿಗೆ ಮೊದಲು ಬರುವ ಅನುಮಾನ ನಿಧಿ ಅಗೆಯುವವರೆಂದು. ಕತ್ತಲಾದ ಮೇಲೆ ಹೋಗುವುದು, ಅಮಾವಾಸ್ಯೆಯ ದಿನ ಹೋಗುವುದು, ಗುದ್ದಲಿಯಂಥ ಸಾಮಾನು ಹೊತ್ತೊಯ್ಯುವುದು ನೇರವಾಗಿ ಪೊಲೀಸ್ ಠಾಣೆಯ ದಾರಿ.

ಪ್ರಶ್ನೆ: ಪಹಣಿ ನೋಡಿದರೆ ಸಾಲದೇ? (ಸಾಗರ)

ಉತ್ತರ: ಸಾಲದು, ಆದರೆ ನೋಡಬೇಕು. ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅಲ್ಲಿ ನೆಟ್‌ವರ್ಕ್ ಇರುವುದಿಲ್ಲವಾದ್ದರಿಂದ ಅಕ್ಷಾಂಶ, ರೇಖಾಂಶ ಬರೆದುಕೊಂಡು ಬಂದು ಮನೆಯಲ್ಲಿ ನೋಡಿ. ದಟ್ಟ ಮರಗಳಡಿ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಆಚೀಚೆ ಆಗುತ್ತದೆ, ಗಡಿ ಹತ್ತಿರವಿದ್ದರೆ ಪಕ್ಕದ ನಂಬರನ್ನೂ ಬರೆದುಕೊಳ್ಳಿ. ಆಮೇಲೆ ಭೂಮಿ ಜಾಲತಾಣದಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಕೊಟ್ಟರೆ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕು ಸಿಗುತ್ತದೆ. 11ರಲ್ಲಿ ಸೊಸೈಟಿಯದ್ದೋ ಬ್ಯಾಂಕಿನದ್ದೋ ಇತ್ತೀಚಿನ ಬೆಳೆಸಾಲ ಇದ್ದರೆ ಆ ಜಮೀನನ್ನು ಯಾರೂ ಬಿಟ್ಟುಹೋಗಿಲ್ಲ.

ಎಡವುವುದು ಎರಡು ಕಡೆ. ಒಂದು, 9ನೇ ಕಾಲಂನಲ್ಲಿರುವ ಹೆಸರು ಅಜ್ಜನದ್ದಾಗಿರಬಹುದು. ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ವರ್ಗಾವಣೆ) ಮಾಡಿಸದೆ ಎರಡು ತಲೆಮಾರು ಕಳೆದ ಜಮೀನುಗಳಿವೆ. ಖಾತೆದಾರ ತೀರಿಕೊಂಡಿದ್ದಾರೆ ಎಂದ ಮಾತ್ರಕ್ಕೆ ವಾರಸುದಾರರಿಲ್ಲ ಎಂದಲ್ಲ. ಎರಡು, ಪಹಣಿಯಲ್ಲಿ ‘ಸರ್ಕಾರಿ’ ಎಂದಿದ್ದರೆ ಮನೆ ಖಾಲಿ ಎಂದೂ ಅಲ್ಲ. ಬಗರ್ ಹುಕುಂ (ಸರ್ಕಾರಿ ಜಾಗದಲ್ಲಿ ಮಂಜೂರಾತಿ ಇಲ್ಲದೆ ಉಳುವ) ಸಾಗುವಳಿದಾರರು, ಶರಾವತಿ ಮುಳುಗಡೆ ಸಂತ್ರಸ್ತರು ಎಷ್ಟೋ ಜನ ದಾಖಲೆಯಲ್ಲಿ ಅರಣ್ಯ ಅಥವಾ ಸರ್ಕಾರಿ ಜಾಗ ಎಂದಿರುವಲ್ಲೇ ಬದುಕು ಕಟ್ಟಿಕೊಂಡಿದ್ದಾರೆ. ಗ್ರಾಮಠಾಣಾದೊಳಗಿನ (ಊರಿನ ವಸತಿ ಜಾಗದೊಳಗಿನ) ಮನೆಯಾದರೆ ಪಹಣಿ ಬಿಟ್ಟು ಪಂಚಾಯಿತಿಯಲ್ಲಿ ವಿಚಾರಿಸಿ. ಇನ್ನು ವಾರಸುದಾರರೇ ಇಲ್ಲದ ಆಸ್ತಿ ಇದ್ದರೆ ಅದು ಸಂವಿಧಾನದ 296ನೇ ವಿಧಿಯಂತೆ ರಾಜ್ಯ ಸರ್ಕಾರಕ್ಕೆ ಸೇರುತ್ತದೆ. ಯಾರದ್ದೂ ಅಲ್ಲದ ಮನೆ ಎಂಬುದು ಕಾನೂನಿನಲ್ಲಿ ಇಲ್ಲ.

ಪ್ರಶ್ನೆ: ಬೀಗವಿಲ್ಲದ ಮನೆಗೆ ಹೊಕ್ಕರೆ ಕೇಸ್ ಆಗುತ್ತದೆಯೇ? ಬಿದ್ದಿರುವ ಹಳೇ ಸಾಮಾನು ತರಬಹುದೇ? (ಭದ್ರಾವತಿ)

ಉತ್ತರ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೇ ಸೆಕ್ಷನ್ ಬೀಗ ಇದೆಯೇ ಇಲ್ಲವೇ ಎಂದು ಕೇಳುವುದಿಲ್ಲ, ನಿಮ್ಮ ಉದ್ದೇಶ ಕೇಳುತ್ತದೆ. ಅಪರಾಧ ಮಾಡುವ, ಹೆದರಿಸುವ, ಅವಮಾನಿಸುವ ಅಥವಾ ಕಿರಿಕಿರಿ ಮಾಡುವ ಉದ್ದೇಶದಿಂದ ಒಳಗೆ ಹೋಗುವುದು, ಹೋದ ಮೇಲೆ ಅದೇ ಉದ್ದೇಶದಿಂದ ಅಲ್ಲೇ ಉಳಿಯುವುದು ಅಕ್ರಮ ಪ್ರವೇಶ. ಮನೆಯೊಳಗಾದರೆ ಒಂದು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೋಗಿ ಎಂದವರೊಡನೆ ವಾದಕ್ಕೆ ನಿಂತರೆ ನಿಮ್ಮ ಒಳ್ಳೆಯ ಉದ್ದೇಶ ಸಾಬೀತು ಮಾಡುವುದು ಕಷ್ಟ. ಸಾಮಾನು ತರುವುದು ಕಳ್ಳತನ. ಬಾಗಿಲ ಚಿಲಕವಾದರೂ ಅಷ್ಟೆ, ಒರಳು ಕಲ್ಲಾದರೂ ಅಷ್ಟೆ.

ಪ್ರಶ್ನೆ: ಲಿಂಗನಮಕ್ಕಿ ಹಿನ್ನೀರು ಇಳಿದಾಗ ಮೇಲೇಳುವ ಹಳೇ ಊರುಗಳ ಕುರುಹುಗಳಂತೂ ಯಾರದ್ದೂ ಅಲ್ಲವಲ್ಲ? (ಸೊರಬ)

ಉತ್ತರ: ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ಅದರ ಪೂರ್ಣ ಮಟ್ಟ 1,819 ಅಡಿ. ನೀರು ಚೆನ್ನಾಗಿ ಇಳಿದ ಬೇಸಿಗೆಯಲ್ಲಿ ಅದರಲ್ಲಿ ಮುಳುಗಿದ ಮಡೇನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟೆಯೇ ಮೇಲೆ ಕಾಣುತ್ತದೆ. ಮುಳುಗಡೆ ಜಾಗ ಜಲಾಶಯದ್ದು, ಊರು ಬಿಟ್ಟವರದ್ದಲ್ಲ. ದಡದ ಕಾಡು ಹಲವು ಕಡೆ ಅಭಯಾರಣ್ಯ, ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗುವಂತಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಹೂಳು. ಮೇಲೆ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಒಳಗೆ ಮೆತ್ತಗಿದ್ದು ಮೊಣಕಾಲಿನ ತನಕ ಹೂತುಕೊಳ್ಳುತ್ತದೆ. ದನ ನಡೆದ ಗೊರಸಿನ ಗುರುತಿಲ್ಲದ ಕಡೆ ಕಾಲಿಡಬೇಡಿ.

ಪ್ರಶ್ನೆ: ಮನೆಯವರು ಒಪ್ಪಿದ್ದಾರೆ. ಒಳಗೆ ಯಾವುದಕ್ಕೆ ಹೆದರಬೇಕು, ಹಾವಿಗೋ ಗೋಡೆಗೋ? (ಶೃಂಗೇರಿ)

ಉತ್ತರ: ಮೊದಲು ನೆಲಕ್ಕೆ. ಹಿತ್ತಲಿನಲ್ಲಿ ಗೋಬರ್ ಗ್ಯಾಸ್ ಗುಂಡಿ ಎಲ್ಲಿದೆ ಎಂದು ಮನೆಯವರನ್ನು ಕೇಳಿ ತಿಳಿದುಕೊಂಡೇ ಹೊರಡಿ. ಕಬ್ಬಿಣದ ಡ್ರಮ್ಮು ತುಕ್ಕು ಹಿಡಿದು ಕುಸಿದ ಮೇಲೆ ಸಗಣಿಯ ಮೇಲ್ಪದರ ಗಟ್ಟಿಯಾಗಿ ಅದರ ಮೇಲೆ ಹುಲ್ಲು ಬೆಳೆದಿರುತ್ತದೆ, ನೋಡಲು ನೆಲದ ಹಾಗೆಯೇ. ಕಾಲಿಟ್ಟರೆ ಒಡೆಯುತ್ತದೆ. ಒಳಗೆ ಮೀಥೇನ್, ಹೈಡ್ರೋಜನ್ ಸಲ್ಫೈಡ್ ತುಂಬಿದ್ದು ಉಸಿರಾಡುವ ಗಾಳಿ ಇರುವುದಿಲ್ಲ. ಬಿದ್ದವರನ್ನು ಎತ್ತಲು ಇಳಿದವರೂ ಅಲ್ಲೇ ಉಳಿಯುವುದು ಹೀಗೆ. ಇಳಿಯಬೇಡಿ, ಹಗ್ಗ ಬಿಡಿ, 112ಕ್ಕೆ ಫೋನ್ ಮಾಡಿ. ಕಟ್ಟೆಯಿಲ್ಲದ ಬಾವಿ, ಸೋಗೆ ಮುಚ್ಚಿದ ತೋಟದ ಬಸಿಗಾಲುವೆ ಇವೂ ಇವೆ. ಐದಾರು ಅಡಿಯ ಬಿದಿರು ಗಳು ಹಿಡಿದು, ಕುಟ್ಟಿ ನೋಡಿ, ಆಮೇಲೆ ಹೆಜ್ಜೆಯಿಡಿ. ಹಂದಿಗೆಂದು ಇಟ್ಟ ಉರುಳು ಮತ್ತು ಐಬೆಕ್ಸ್ ಬೇಲಿಯ (ಯಂತ್ರದಿಂದ ಸಣ್ಣ ಶಾಕ್ ಕೊಡುವ ಬೇಲಿಯ) ತಂತಿ ತೋಟದಂಚಿನಲ್ಲಿರುತ್ತವೆ. ತಂತಿ ಯಾವುದೇ ಇರಲಿ, ಮುಟ್ಟಬೇಡಿ. ಕೆಲವರು ಐಬೆಕ್ಸ್ ಯಂತ್ರವಿಲ್ಲದೆ ನೇರ ಕರೆಂಟ್ ಕೊಟ್ಟಿರುತ್ತಾರೆ. ಅದು ಅಕ್ರಮ, ಆದರೆ ಅಲ್ಲಿ ಸಾಯುವವರು ನೀವು.

ಗೋಡೆಯದ್ದು ಹೀಗೆ: ಒಂದು ಹಂಚು ಒಡೆದರೆ ನೀರು ಹಂಚಿನಡಿಯ ರೀಪಿಗೆ, ರೀಪಿನಿಂದ ಅದನ್ನು ಹೊತ್ತ ಪಕಾಸಿಗೆ, ಅಲ್ಲಿಂದ ಮಣ್ಣಿನ ಗೋಡೆಯ ನೆತ್ತಿಗೆ ಇಳಿಯುತ್ತದೆ. ನೆತ್ತಿ ನೆನೆದ ಗೋಡೆ ಹೊಟ್ಟೆ ಬಿಟ್ಟುಕೊಂಡು, ಮಳೆಯಲ್ಲೋ ಮಳೆ ನಿಂತ ವಾರದಲ್ಲೋ ಬೀಳುತ್ತದೆ. ಹೊಟ್ಟೆ ಬಿಟ್ಟ ಗೋಡೆಯಿಂದ ಅದರ ಎತ್ತರದ ಒಂದೂವರೆ ಪಟ್ಟು ದೂರ ನಿಲ್ಲಿ. ಅಟ್ಟ ಹತ್ತಲೇಬೇಡಿ. ಗೆದ್ದಲು ತೊಲೆಯ ಹೊರ ಪದರ ಹಾಗೇ ಬಿಟ್ಟು ಒಳಗೆಲ್ಲ ತಿಂದಿರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ.

ಹಾವು ಹಂಚಿನ ರಾಶಿಯಲ್ಲಿ, ಬಚ್ಚಲ ಒಲೆಯಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿರುತ್ತದೆ. ಕೈ ಹಾಕದಿದ್ದರೆ ಅದೂ ನಿಮ್ಮ ತಂಟೆಗೆ ಬರುವುದಿಲ್ಲ. ಕಚ್ಚಿದರೆ ಕೊಯ್ಯಬೇಡಿ, ಕಟ್ಟಬೇಡಿ, ಅಂಗ ಅಲುಗಾಡಿಸದೆ ಆಸ್ಪತ್ರೆಗೆ ಹೋಗಿ. ನಮ್ಮಲ್ಲಿ ಸಿಗುವ ಔಷಧ ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಿಸಿದ್ದು. ಆಗುಂಬೆ ಕಡೆಯ ಕಾಳಿಂಗಕ್ಕೆ ಅಲ್ಲ.

ಪ್ರಶ್ನೆ: ಜನವರಿಯಲ್ಲಿ ಹೋಗುವ ಯೋಚನೆ ಇದೆ. ಮಂಗನ ಕಾಯಿಲೆ? (ದಾವಣಗೆರೆ)

ಉತ್ತರ: ಮನೆ ನೋಡಲು ಒಳ್ಳೆಯ ಕಾಲವೂ ಅದೇ, ಉಣ್ಣೆಗಳ ಕಾಲವೂ ಅದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣ್ಣೆ ಕಚ್ಚಿ ಹರಡುವ ಈ ಕಾಯಿಲೆ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತನಕ ಕಾಣಿಸಿಕೊಳ್ಳುತ್ತದೆ. ಹಳೆಯ ಲಸಿಕೆ ನಿಂತುಹೋಗಿದೆ. ಆರೋಗ್ಯ ಇಲಾಖೆ ಹಂಚುವ, ಉಣ್ಣೆಯನ್ನು ದೂರವಿಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ, ತರಗೆಲೆಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಯರಿಗೋ ತಿಳಿಸಿ, ವಾಪಸು ಬನ್ನಿ. ಆ ದಿನ ಆ ಮನೆ ಬೇಡ. ಮನೆಗೆ ಬಂದು ಬಿಸಿನೀರು, ಸೋಪಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಉಣ್ಣೆ ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ ಹಾಕದೆ, ಜಜ್ಜದೆ, ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆದು ತೆಗೆಯಿರಿ. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಆಸ್ಪತ್ರೆಗೆ ಹೋಗಿ. ದಾವಣಗೆರೆಯ ವೈದ್ಯರಿಗೆ ಮಂಗನ ಕಾಯಿಲೆ ಮೊದಲ ಯೋಚನೆಗೆ ಬರಲಿಕ್ಕಿಲ್ಲ, ಮಲೆನಾಡಿನ ಕಾಡಿಗೆ ಹೋಗಿದ್ದನ್ನು ನೀವೇ ಬಾಯಿಬಿಟ್ಟು ಹೇಳಿ.