ಅಳ್ನಾವರದ ಕಡೆ ಕಾಡು, ಗದಗಿನ ಕಡೆ ಕುರುಚಲು: ಯಾಕೆ ಹೀಗೆ?

ಧಾರವಾಡದಿಂದ ಪಶ್ಚಿಮಕ್ಕೆ ಅಳ್ನಾವರ ದಾಟಿದರೆ ಸಾಗವಾನಿ ಕಾಡು, ಹುಬ್ಬಳ್ಳಿ ದಾಟಿ ಗದಗಿನತ್ತ ಹೋದರೆ ಬಯಲು, ಜಾಲಿ ಗಿಡ. ನೂರು ಕಿಲೋಮೀಟರಿನ ಆಸುಪಾಸಿನಲ್ಲೇ ಇಷ್ಟು ವ್ಯತ್ಯಾಸ ಯಾಕೆ ಎಂದು ಕೇಳಿದ್ದೀರಿ.

ಮುಖ್ಯ ಕಾರಣ ಮಳೆನೆರಳು. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ಸಹ್ಯಾದ್ರಿ ಏರುವಾಗ ತಣ್ಣಗಾಗಿ ಬಹುಪಾಲು ನೀರನ್ನು ಅಲ್ಲೇ ಸುರಿಸುತ್ತದೆ. ಈ ಕಡೆ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಗದಗಕ್ಕೆ ಉಳಿಯುವುದು ಮೋಡ ಮತ್ತು ಗಾಳಿ (ಕಪ್ಪತಗುಡ್ಡದ ಸುತ್ತ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ!).

ನೀರು ಕಡಿಮೆಯಾದಲ್ಲಿ ಗಿಡದ ಬದುಕೇ ಬೇರೆ. ಎಲೆ ಸಣ್ಣದು, ಮುಳ್ಳು ಹೆಚ್ಚು, ಬೇಸಿಗೆಗೆ ಎಲೆ ಉದುರಿಸುವ ರೂಢಿ. ಮರ ಒತ್ತಾಗಿ ಬೆಳೆಯದ್ದರಿಂದ ಹುಲ್ಲಿಗೆ ಬಿಸಿಲು ಸಿಗುತ್ತದೆ, ಹುಲ್ಲಿದ್ದಲ್ಲಿ ಕೃಷ್ಣಮೃಗ. ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ನೋಡಿ, ಅದು ಅಡಗುವ ಪ್ರಾಣಿಯಲ್ಲ, ದೂರದಿಂದಲೇ ಕಂಡು ಓಡುವ ಪ್ರಾಣಿ.

ಜಗತ್ತಿನಲ್ಲೂ ಇದೇ ಲೆಕ್ಕ. ಸಮಭಾಜಕ ವೃತ್ತದ ಮೇಲೆ ಕಾಂಗೋ ಮಳೆಕಾಡು, ಅದೇ ಗೆರೆಯ ಕೆನ್ಯಾದಲ್ಲಿ ಸವನ್ನಾ, ಅಂದರೆ ಅಲ್ಲಲ್ಲಿ ಮರವಿರುವ ಹುಲ್ಲುಗಾವಲು. ಉತ್ತರ ಧ್ರುವದ ಸುತ್ತಲಿನ ಮರವಿಲ್ಲದ ಬಯಲು ಟಂಡ್ರಾದಲ್ಲಿ ಮಾತ್ರ ಚಳಿಯದೇ ಕಾರುಬಾರು: ನೆಲದಡಿ ವರ್ಷವಿಡೀ ಹೆಪ್ಪುಗಟ್ಟಿದ ಮಣ್ಣು, ಮರ ಬೇರಿಳಿಸಲು ಜಾಗವಿಲ್ಲ.

ಹಾಗಂತ ಎಲ್ಲವೂ ಮಳೆಯೇ ಅಲ್ಲ. ಗದಗ, ನವಲಗುಂದದ ಎರಿ (ಕಪ್ಪು ಮಣ್ಣಿನ) ಹೊಲ ತೇವ ಹಿಡಿದಿಡುತ್ತದೆ, ಅದಕ್ಕೇ ಹಿಂಗಾರಿ ಜೋಳ, ಕಡಲೆ ಮಳೆಯಿಲ್ಲದ ಚಳಿಗಾಲದಲ್ಲೂ ಬರುತ್ತವೆ.