ಹೀಟ್ ಸಿಂಕ್ ಬಿಚ್ಚಿ ಮರುಜೋಡಿಸಿದ ಮೇಲೆ ಪ್ರೊಸೆಸರ್ 100 ಡಿಗ್ರಿ ಮುಟ್ಟುತ್ತಿರುವುದೇಕೆ?

ನೀವು ಕೊಟ್ಟಿರುವ ವಿವರ ಇಷ್ಟು: ಇಂಟೆಲ್ ಐ5-10400 ಪ್ರೊಸೆಸರ್, ಅದರ ಡಬ್ಬಿಯಲ್ಲೇ ಬಂದ, ಶಾಖವನ್ನು ಹೀರಿ ಹೊರಹಾಕುವ ಹೀಟ್ ಸಿಂಕ್ ಮತ್ತು ಫ್ಯಾನ್. ಧೂಳು ತೆಗೆಯಲೆಂದು ಅದನ್ನು ಬಿಚ್ಚಿ, ಹೊಸ ಥರ್ಮಲ್ ಪೇಸ್ಟ್ (ಎರಡರ ನಡುವೆ ಶಾಖ ದಾಟಿಸುವ ಲೇಪ) ಹಚ್ಚಿ ಮತ್ತೆ ಕೂರಿಸಿದ್ದೀರಿ. ಮೊದಲು ಕೆಲಸವಿಲ್ಲದಾಗ 42 ಡಿಗ್ರಿಯ ಆಸುಪಾಸಿನಲ್ಲಿದ್ದ ಉಷ್ಣಾಂಶ ಈಗ 65ರಲ್ಲಿ ನಿಂತಿದೆ. ಗೇಮ್ ತೆರೆದ ಎರಡು ಸೆಕೆಂಡಿನೊಳಗೆ 100 ಮುಟ್ಟುತ್ತದೆ. ಅಂಗಡಿಯವರು ಹೊಸ ಕೂಲರ್ (ಅಂದರೆ ಹೀಟ್ ಸಿಂಕ್ ಮತ್ತು ಫ್ಯಾನ್‌ನ ಜೋಡಿ) ಹಾಕಿಸಿ ಎಂದಿದ್ದಾರೆ, ಕಲಬುರಗಿಯ ಬೇಸಿಗೆಯೇ ಇದಕ್ಕೆ ಕಾರಣವಿರಬಹುದೇ ಎಂದು ನೀವು ಕೇಳಿದ್ದೀರಿ.

ದಯವಿಟ್ಟು ಈಗಲೇ ಹೊಸ ಕೂಲರ್ ಕೊಳ್ಳಬೇಡಿ. ನಿಮ್ಮ ವಿವರದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು 100 ಡಿಗ್ರಿ ಎಂಬ ಅಂಕಿಗಿಂತಲೂ ಆ "ಎರಡು ಸೆಕೆಂಡು" ಎಂಬ ಮಾತು. ಹೀಟ್ ಸಿಂಕ್ ಎಂಬುದು ಲೋಹದ ದೊಡ್ಡ ಗಟ್ಟಿ. ಪ್ರೊಸೆಸರ್‌ನ ಶಾಖ ಅದಕ್ಕೆ ಸರಿಯಾಗಿ ಇಳಿಯುತ್ತಿದ್ದರೆ ಅಷ್ಟೂ ಲೋಹ ಕಾಯಲು ಕೆಲವು ನಿಮಿಷಗಳಾದರೂ ಬೇಕು, ಆದ್ದರಿಂದ ಪರದೆಯ ಮೇಲಿನ ಅಂಕಿಯೂ ನಿಧಾನವಾಗಿ ಏರುತ್ತದೆ. ಸರಿಯಾಗಿ ಕೂತ ಹೀಟ್ ಸಿಂಕ್ ಇದ್ದರೂ ಕೆಲಸದ ಹೊರೆ ಬಿದ್ದ ಕೂಡಲೇ ಹತ್ತು ಹದಿನೈದು ಡಿಗ್ರಿ ನೆಗೆಯುವುದುಂಟು, ಅದು ಸಹಜ. ಆದರೆ 65ರಿಂದ ನೇರವಾಗಿ 100ಕ್ಕೆ ಹಾರಿ, ಗೇಮ್ ಮುಚ್ಚಿದ ಕೂಡಲೇ ಅಷ್ಟೇ ಬೇಗ ಕೆಳಗಿಳಿಯುತ್ತಿದ್ದರೆ, ಶಾಖ ಹೀಟ್ ಸಿಂಕನ್ನು ತಲುಪುತ್ತಲೇ ಇಲ್ಲ ಎಂದೇ ಅರ್ಥ. ಫ್ಯಾನ್ ನಿಧಾನವಾಗಿದ್ದರೆ, ಕ್ಯಾಬಿನೆಟ್‌ನಲ್ಲಿ ಗಾಳಿ ಆಡದಿದ್ದರೆ ಬರುವ ತೊಂದರೆಯ ಲಕ್ಷಣವೇ ಬೇರೆ. ಅಲ್ಲಿ ಏರಿಕೆ ನಿಮಿಷಗಟ್ಟಲೆ ನಡೆಯುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಸುಲಭವಾದ ಒಂದು ಪರೀಕ್ಷೆ ಇದೆ. ಐದು ನಿಮಿಷ ಗೇಮ್ ನಡೆಯಲು ಬಿಟ್ಟು, ಕಂಪ್ಯೂಟರ್ ಆಫ್ ಮಾಡಿ, ಫ್ಯಾನ್ ನಿಂತ ಕೂಡಲೇ ಹೀಟ್ ಸಿಂಕ್‌ನ ಅಲ್ಯೂಮಿನಿಯಂ ರೆಕ್ಕೆಗಳನ್ನು ಬುಡದ ಹತ್ತಿರ ಬೆರಳಿನಿಂದ ಮುಟ್ಟಿ ನೋಡಿ. ಪರದೆಯ ಮೇಲೆ 100 ಡಿಗ್ರಿ ತೋರಿಸುತ್ತಿದ್ದಾಗಲೂ ಲೋಹ ಬರೀ ಉಗುರುಬೆಚ್ಚಗಿದ್ದರೆ ತಪ್ಪು ಎಲ್ಲಿದೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಬೇಸಿಗೆಯ ವಿಷಯ: ಕೋಣೆಯ ಉಷ್ಣಾಂಶ ಎಷ್ಟು ಏರುತ್ತದೆಯೋ ಪ್ರೊಸೆಸರ್‌ನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಕೋಣೆ 30ರಿಂದ 40ಕ್ಕೆ ಹೋದರೆ ಹತ್ತು ಡಿಗ್ರಿ ಸೇರಬಹುದು, ಅದಕ್ಕಿಂತ ಹೆಚ್ಚಲ್ಲ. ಅಲ್ಲದೆ ಬಿಚ್ಚುವ ಹಿಂದಿನ ದಿನವೂ ಕೋಣೆ ಅದೇ ಆಗಿತ್ತಲ್ಲ.

ಇನ್ನು ಮೂಲ ವಿಷಯಕ್ಕೆ ಬರುತ್ತೇನೆ. ಈ ಬಗೆಯ ಹೀಟ್ ಸಿಂಕ್ ಮದರ್‌ಬೋರ್ಡ್‌ಗೆ ಅಂಟಿಕೊಳ್ಳುವುದು ನಾಲ್ಕು ಪ್ಲಾಸ್ಟಿಕ್ ಪುಶ್ ಪಿನ್‌ಗಳಿಂದ, ಮತ್ತು ನನ್ನ ಬಳಿ ಬರುವ ಇಂತಹ ದೂರುಗಳಲ್ಲಿ ಹೆಚ್ಚಿನವು ಈ ಪಿನ್‌ಗಳಲ್ಲೇ ಮುಗಿಯುತ್ತವೆ. ಪ್ರತಿ ಪಿನ್‌ನ ಕಪ್ಪು ತಲೆಯ ಮೇಲೆ ಒಂದು ಬಾಣದ ಗುರುತು ಇದೆ. ಅದು ಬಿಚ್ಚುವಾಗ ತಲೆಯನ್ನು ಯಾವ ಕಡೆಗೆ ತಿರುಗಿಸಬೇಕು ಎಂಬುದನ್ನು ತೋರಿಸುತ್ತದೆ, ಕೂರಿಸುವಾಗ ತಿರುಗಿಸುವ ದಿಕ್ಕನ್ನಲ್ಲ. ಬಿಚ್ಚಲು ಬಾಣದ ಕಡೆಗೆ ತಿರುಗಿಸಿದ ತಲೆಯನ್ನು ಮರುಜೋಡಿಸುವ ಮೊದಲು ವಿರುದ್ಧ ದಿಕ್ಕಿಗೆ ಪೂರ್ತಿ ತಿರುಗಿಸಿ, ಮೇಲಕ್ಕೆ ಎಳೆದು ಸಿದ್ಧಮಾಡಿಕೊಳ್ಳಬೇಕು. ಹಾಗೆ ಮಾಡದೆ ಒತ್ತಿದರೆ ಪಿನ್ ಕೆಳಗೇನೋ ಹೋಗುತ್ತದೆ, ಆದರೆ ಬೀಗ ಬೀಳುವುದಿಲ್ಲ. ಮೇಲಿನಿಂದ ನೋಡುವವರಿಗೆ ನಾಲ್ಕೂ ಸರಿಯಾಗಿ ಕೂತಂತೆಯೇ ಕಾಣುತ್ತದೆ. ಒಂದು ಪಿನ್ ಸಡಿಲವಾದರೂ ಆ ಮೂಲೆ ಕೂದಲೆಳೆಯಷ್ಟು ಮೇಲೆದ್ದು, ನಡುವೆ ಗಾಳಿ ಸೇರುತ್ತದೆ. ಅಲ್ಯೂಮಿನಿಯಂನ ಉಷ್ಣವಾಹಕತೆ 200ಕ್ಕೂ ಹೆಚ್ಚು ಇದ್ದರೆ, ಅದೇ ಮಾನದಲ್ಲಿ ಗಾಳಿಯದು ಸುಮಾರು 0.026 ಮಾತ್ರ. ಅಷ್ಟು ತೆಳುವಾದ ಗಾಳಿಯ ಪದರವೇ ಇಷ್ಟೆಲ್ಲ ಅವಾಂತರಕ್ಕೆ ಸಾಕು.

ಆದ್ದರಿಂದ ಮೊದಲು ಕ್ಯಾಬಿನೆಟ್‌ನ ಪಕ್ಕದ ತಗಡುಗಳಲ್ಲಿ ಬೋರ್ಡಿನ ಬೆನ್ನ ಕಡೆ ಇರುವುದನ್ನು ತೆಗೆಯಿರಿ. ಹೆಚ್ಚಿನ ಕ್ಯಾಬಿನೆಟ್‌ಗಳಲ್ಲಿ ಪ್ರೊಸೆಸರ್‌ನ ನೇರ ಹಿಂದೆ ಒಂದು ಕಿಂಡಿ ಇರುತ್ತದೆ. ಟಾರ್ಚ್ ಹಿಡಿದು ಅಲ್ಲಿಂದ ನೋಡಿದರೆ ನಾಲ್ಕು ರಂಧ್ರಗಳಲ್ಲೂ ಪಿನ್‌ನ ಸೀಳಿದ ಬಿಳಿ ಕಾಲುಗಳು ಹೊರಬಂದು, ಅವುಗಳ ನಡುವೆ ಕಪ್ಪು ಕಡ್ಡಿ ತೂರಿ, ಕಾಲುಗಳು ಎರಡೂ ಬದಿಗೆ ಅಗಲಿರಬೇಕು. ಎಲ್ಲಿ ಕಪ್ಪು ಕಡ್ಡಿ ಕಾಣುವುದಿಲ್ಲವೋ, ಎಲ್ಲಿ ಬಿಳಿ ಕಾಲು ಮಡಚಿದೆಯೋ, ಅದೇ ತೊಂದರೆಯ ಮೂಲೆ. ಕಾಲು ಮುರಿದಿದ್ದರೆ ಬರೀ ಪಿನ್‌ಗಳೇ ನಾಲ್ಕರ ಕಟ್ಟಾಗಿ ಕಡಿಮೆ ಬೆಲೆಗೆ ಸಿಗುತ್ತವೆ. ಅಷ್ಟಕ್ಕಾಗಿ ಇಡೀ ಕೂಲರ್ ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಪಿನ್ ಸಡಿಲವಿದೆ ಎಂದು ತಿಳಿದ ಮೇಲೆ ಅದೊಂದನ್ನೇ ಒತ್ತಿ ಸುಮ್ಮನಾಗಬೇಡಿ. ಒಮ್ಮೆ ಹರಡಿದ ಪೇಸ್ಟ್ ಎದ್ದು ಮತ್ತೆ ಕೂತಾಗ ಗಾಳಿಗುಳ್ಳೆಗಳು ಉಳಿಯುತ್ತವೆ, ಹಾಗಾಗಿ ಹೀಟ್ ಸಿಂಕನ್ನು ಪೂರ್ತಿ ತೆಗೆಯುವುದೇ ಒಳ್ಳೆಯದು. ತೆಗೆದ ಕೂಡಲೇ ಒರೆಸದೆ, ಪೇಸ್ಟ್ ಬಿಟ್ಟಿರುವ ಅಚ್ಚನ್ನು ಬೆಳಕಿನಲ್ಲಿ ಗಮನಿಸಿ, ಒಂದು ಫೋಟೊ ತೆಗೆದುಕೊಳ್ಳಿ. ಒತ್ತಡ ಸರಿಯಾಗಿ ಬಿದ್ದ ಕಡೆ ಪೇಸ್ಟ್ ತೀರಾ ತೆಳುವಾಗಿ, ಅಡಿಯ ಲೋಹ ಮಸುಕಾಗಿ ಕಾಣುವಂತಿರುತ್ತದೆ. ಒತ್ತಡ ಬೀಳದ ಕಡೆ ದಪ್ಪನಾಗಿ, ಹಚ್ಚಿದ ಹಾಗೆಯೇ ಉಬ್ಬಿಕೊಂಡಿರುತ್ತದೆ. ಒಂದು ಬದಿ ತೆಳುವಾಗಿ ಇನ್ನೊಂದು ಬದಿ ದಪ್ಪಗಿದ್ದರೆ ಹೀಟ್ ಸಿಂಕ್ ಓರೆಯಾಗಿ ಕೂತಿತ್ತು ಎಂದು ತಿಳಿಯಿರಿ.

ಅನಂತರ ಎರಡೂ ಮೈಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನಾರು ಬಿಡದ ಬಟ್ಟೆಯಿಂದ ಲೋಹ ಹೊಳೆಯುವವರೆಗೆ ಒರೆಸಿ. ಒಣಗಿದ ಹಳೆಯ ಪೇಸ್ಟ್‌ನ ಮೇಲೆ ಹೊಸದನ್ನು ಹಚ್ಚುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ, ಅದು ಖಂಡಿತ ಬೇಡ. ಪ್ರೊಸೆಸರ್‌ನ ನಡುವೆ ಒಂದು ಬಟಾಣಿ ಕಾಳಿನಷ್ಟು ಪೇಸ್ಟ್ ಇಟ್ಟರೆ ಸಾಕು, ಒತ್ತಡವೇ ಅದನ್ನು ಹರಡುತ್ತದೆ. ಪಿನ್‌ಗಳನ್ನು ಕರ್ಣದ ಕ್ರಮದಲ್ಲಿ, ಅಂದರೆ ಒಂದಾದ ಮೇಲೆ ಅದರ ಎದುರು ಮೂಲೆಯದನ್ನು ಒತ್ತಿ. ಪ್ರತಿಯೊಂದಕ್ಕೂ "ಟಕ್" ಎಂಬ ಸದ್ದು ಕೇಳಬೇಕು. ಒತ್ತುವಾಗ ಬೋರ್ಡ್ ಸ್ವಲ್ಪ ಬಾಗುತ್ತದೆ. ಅನೇಕರು ಅದಕ್ಕೆ ಹೆದರಿಯೇ ಅರ್ಧಕ್ಕೆ ಕೈಬಿಡುತ್ತಾರೆ. ಹೆದರಿಕೆ ಹೋಗದಿದ್ದರೆ ಬೋರ್ಡನ್ನು ಹೊರತೆಗೆದು, ಅಂಚುಗಳಿಗೆ ಆಸರೆ ಕೊಟ್ಟು, ಮೇಜಿನ ಮೇಲೆ ಕೂರಿಸಿ. ಕೊನೆಗೆ ಹೀಟ್ ಸಿಂಕನ್ನು ಹಿಡಿದು ಮೆಲ್ಲಗೆ ಅಲುಗಾಡಿಸಿ. ಅದು ಬೋರ್ಡಿನ ಜೊತೆಗೇ ಅಲುಗಬೇಕು, ಬಿಡಿಯಾಗಿ ಅಲ್ಲ.

ಫ್ಯಾನ್‌ನ ವೈರ್ "ಸಿಪಿಯು ಫ್ಯಾನ್" ಎಂದು ಬರೆದಿರುವ ಜಾಗದಲ್ಲೇ ಇದೆಯೇ, ಫ್ಯಾನಿನ ರೆಕ್ಕೆಗೆ ತಾಗುತ್ತಿಲ್ಲವೇ ಎಂದೂ ನೋಡಿ. ಧೂಳು ತೆಗೆಯುವಾಗ ಮದರ್‌ಬೋರ್ಡ್‌ನ ಸೆಲ್ ತೆಗೆದಿದ್ದರೆ ಬಯೋಸ್ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್ ಪರದೆ) ಒಮ್ಮೆ ತೆರೆದು ನೋಡಬೇಕಾಗುತ್ತದೆ, ಏಕೆಂದರೆ ಕೆಲವು ಬೋರ್ಡ್‌ಗಳು ಯಾವ ಬಗೆಯ ಕೂಲರ್ ಇದೆ ಎಂದು ಕೇಳಿ, ಅದಕ್ಕೆ ತಕ್ಕಂತೆ ವಿದ್ಯುತ್ ಮಿತಿಯನ್ನು ಇಡುತ್ತವೆ. ನಿಮ್ಮ ಪ್ರೊಸೆಸರ್ 65 ವ್ಯಾಟ್‌ನದು ಎನ್ನುತ್ತಾರಾದರೂ ಇಂಟೆಲ್ ಅದಕ್ಕೆ ಅಲ್ಪಕಾಲ 134 ವ್ಯಾಟ್‌ವರೆಗೆ ಅವಕಾಶ ಕೊಟ್ಟಿದೆ. ಬೋರ್ಡ್ ಆ ಮಿತಿಯನ್ನು ಸದಾಕಾಲಕ್ಕೂ ಸಡಿಲಿಸಿದರೆ ಡಬ್ಬಿಯ ಕೂಲರ್ ತಡೆದುಕೊಳ್ಳುವುದಿಲ್ಲ. ಕೂಲರ್ ಆಯ್ಕೆ ಇದ್ದರೆ "ಬಾಕ್ಸ್ ಕೂಲರ್" ಎಂದೇ ಆರಿಸಿ. ಆದರೆ ಬಯೋಸ್ ಪರದೆಯಲ್ಲಿ ಕಾಣುವ ಉಷ್ಣಾಂಶವನ್ನು ವಿಂಡೋಸ್‌ನದರ ಜೊತೆ ಹೋಲಿಸಬೇಡಿ. ಬಯೋಸ್‌ನಲ್ಲಿರುವಾಗ ಪ್ರೊಸೆಸರ್ ವಿರಾಮದ ಸ್ಥಿತಿಗೆ ಇಳಿಯದಿರುವುದರಿಂದ ಅಲ್ಲಿ ಅಂಕಿ ಹೆಚ್ಚೇ ಇರುತ್ತದೆ.

100 ಡಿಗ್ರಿಯಲ್ಲಿ ಈ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಅದನ್ನೂ ಮೀರಿದರೆ ಕಂಪ್ಯೂಟರ್ ಆಫ್ ಆಗುತ್ತದೆ. ಆದ್ದರಿಂದ ಈಗಾಗಲೇ ಸುಟ್ಟುಹೋಗಿರಬಹುದೆಂದು ಆತಂಕಪಡಬೇಡಿ. ಮೇಲೆ ಹೇಳಿದ ಪರೀಕ್ಷೆಯೊಂದನ್ನು ಬಿಟ್ಟು, ಸರಿಪಡಿಸುವವರೆಗೆ ಗೇಮ್ ಮಾತ್ರ ಬೇಡ. ಪೇಸ್ಟ್ ಕೆಲವು ದಿನಗಳಲ್ಲಿ "ಸೆಟ್" ಆಗಿ ತಾನೇ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕಾಯುತ್ತಾ ಕೂರಬೇಡಿ, ಅದರಿಂದ ಬದಲಾಗುವುದು ಹೆಚ್ಚೆಂದರೆ ಕೆಲವೇ ಡಿಗ್ರಿ.

ಮರುಜೋಡಿಸಿದ ಮೇಲೆ ಉಷ್ಣಾಂಶ ತೋರಿಸುವ ಕೋರ್ ಟೆಂಪ್ ತಂತ್ರಾಂಶವನ್ನು ತೆರೆದಿಟ್ಟು ಹತ್ತು ನಿಮಿಷ ಗೇಮ್ ಆಡಿ ನೋಡಿ. ಏರಿಕೆ ನಿಧಾನವಾಗಿದ್ದು, 80ರ ಒಳಗೆ ನಿಂತರೆ ಕೆಲಸ ಮುಗಿಯಿತು. ಆಗಲೂ ನೆಗೆತ ಮೊದಲಿನಂತೆಯೇ ಇದ್ದರೆ ಪೇಸ್ಟ್‌ನ ಅಚ್ಚಿನ ಫೋಟೊವನ್ನೂ ಬೋರ್ಡ್‌ನ ಹಿಂಬದಿಯ ಫೋಟೊವನ್ನೂ ಇಲ್ಲಿ ಹಾಕಿ, ಯಾವ ಮೂಲೆ ಎದ್ದಿದೆ ಎಂದು ನೋಡಿ ಹೇಳುತ್ತೇನೆ.