ಚಿತ್ರ ತಡವರಿಸುವುದಕ್ಕೆ ಕೊಡೆಕ್ ಕಾರಣವಲ್ಲ

ಪ್ರಶ್ನೆ: ದಸರಾ ಜಂಬೂಸವಾರಿಯ ಟಿವಿ ಪ್ರಸಾರವನ್ನು ರೆಕಾರ್ಡ್ ಮಾಡಿಟ್ಟುಕೊಂಡಿದ್ದೇವೆ. ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರಿನಲ್ಲಿ ನೋಡಿದರೆ, ಕ್ಯಾಮೆರಾ ಆನೆಯ ಜೊತೆ ನಿಧಾನವಾಗಿ ಸರಿಯುವಾಗ ಚಿತ್ರ ತಡವರಿಸುತ್ತದೆ. ಅಂಗಡಿಯವರು ಕೊಡೆಕ್ ಪ್ಯಾಕ್ ಹಾಕಿ ಹಣ ಪಡೆದರು, ಸರಿಹೋಗಲಿಲ್ಲ. ಈಗ ರ‍್ಯಾಮ್ ಹೆಚ್ಚಿಸಿ ಎನ್ನುತ್ತಿದ್ದಾರೆ. (ಕುವೆಂಪುನಗರ, ಮೈಸೂರು)

ಉತ್ತರ: ರ‍್ಯಾಮಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ದಸರೆ ಮುಗಿದ ಮೇಲೆ ಪ್ರತಿ ವರ್ಷ ನನಗೆ ಇದೇ ಪ್ರಶ್ನೆ ಬರುತ್ತದೆ, ಪ್ರತಿ ವರ್ಷವೂ ಯಾರೋ ಒಬ್ಬರು ಕೊಡೆಕ್ ಪ್ಯಾಕಿಗೆ ಹಣ ತೆತ್ತಿರುತ್ತಾರೆ. ಕೊಡೆಕ್ ಎಂದರೆ ವಿಡಿಯೋವನ್ನು ಕುಗ್ಗಿಸುವ, ಮತ್ತೆ ಬಿಡಿಸುವ ತಂತ್ರಾಂಶ. ಬಿಡಿಸಲು ಬೇಕಾದ ಡಿಕೋಡರುಗಳನ್ನು ವಿಎಲ್‌ಸಿ ತನ್ನೊಳಗೇ ಇಟ್ಟುಕೊಂಡಿರುತ್ತದೆ. ವಿಂಡೋಸಿಗೆ ಹಾಕಿದ ಪ್ಯಾಕನ್ನು ಅದು ಬಳಸುವುದೇ ಇಲ್ಲ. ಎಲ್ಲಿಂದಲೋ ಇಳಿಸಿಕೊಂಡ ಇಂತಹ ಪ್ಯಾಕುಗಳನ್ನು ನಾನು ಕಂಡ ಕೂಡಲೇ ತೆಗೆದುಹಾಕುತ್ತೇನೆ, ನೀವೂ ತೆಗೆದುಹಾಕಿ.

ತೊಂದರೆ ಇರುವುದು ಲೆಕ್ಕದಲ್ಲಿ. ನಮ್ಮ ದೇಶದ ಟಿವಿ ಪ್ರಸಾರದಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳಿರುತ್ತವೆ (ಫ್ರೇಮುಗಳು, ಅಂದರೆ ಒಂದೊಂದು ಸ್ಥಿರಚಿತ್ರ). ನಿಮ್ಮ ಲ್ಯಾಪ್‌ಟಾಪು ಟಿವಿಗೆ ಸೆಕೆಂಡಿಗೆ 60 ಬಾರಿ, ಅಂದರೆ 60 ಹರ್ಟ್ಸ್‌ನಲ್ಲಿ, ಚಿತ್ರ ಕಳುಹಿಸುತ್ತಿರುತ್ತದೆ. 60ನ್ನು 25ರಿಂದ ಭಾಗಿಸಿದರೆ ಪೂರ್ಣಾಂಕ ಬರುವುದಿಲ್ಲವಾದ್ದರಿಂದ, ಪ್ಲೇಯರು ಕೆಲವು ಚೌಕಟ್ಟುಗಳನ್ನು ಎರಡು ಬಾರಿಯೂ ಕೆಲವನ್ನು ಮೂರು ಬಾರಿಯೂ ತೋರಿಸಬೇಕಾಗುತ್ತದೆ. ಒಂದು ಚೌಕಟ್ಟು 33 ಮಿಲಿಸೆಕೆಂಡು ನಿಂತರೆ ಮುಂದಿನದು 50 ಮಿಲಿಸೆಕೆಂಡು ನಿಲ್ಲುತ್ತದೆ. ಜನ ನಿಂತು ಮಾತನಾಡುವ ದೃಶ್ಯದಲ್ಲಿ ಇದು ಗೊತ್ತಾಗುವುದಿಲ್ಲ. ಅಂಬಾರಿ ಹೊತ್ತ ಆನೆ ಒಂದೇ ವೇಗದಲ್ಲಿ ಸಾಗುವಾಗ ಕಣ್ಣು ಅದನ್ನು ಹಿಂಬಾಲಿಸುತ್ತಿರುವುದರಿಂದ ಪ್ರತಿಯೊಂದು ತಡವರಿಕೆಯೂ ಎದ್ದು ಕಾಣುತ್ತದೆ.

ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಟಿವಿಯ ರಿಫ್ರೆಶ್ ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಹೋಗಬೇಕೆಂಬುದನ್ನು, 50 ಹರ್ಟ್ಸ್‌ಗೆ ಬದಲಿಸಿ. ಆಗ ಪ್ರತಿ ಚೌಕಟ್ಟೂ ಸರಿಯಾಗಿ ಎರಡು ಬಾರಿ ಕಾಣಿಸುತ್ತದೆ. ಚಲಿಸುವ ವಸ್ತುವಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತಹ ಗೆರೆಗಳು ಕಂಡರೆ ಅದು ಬೇರೆ ದೋಷ: ಪ್ರಸಾರದ ಪ್ರತಿ ಚೌಕಟ್ಟೂ ಎರಡು ಅರ್ಧಗಳಾಗಿ ಬರುತ್ತದೆ, ಅವನ್ನು ಬಿಡಿಸುವ ಡಿಇಂಟರ್ಲೇಸ್ ಆಯ್ಕೆಯನ್ನು ವಿಎಲ್‌ಸಿಯ ವಿಡಿಯೋ ಮೆನುವಿನಲ್ಲಿ ಆನ್ ಮಾಡಿ, ವಿಧಾನವಾಗಿ ಯಾಡಿಫ್ 2ಎಕ್ಸ್ ಆರಿಸಿಕೊಳ್ಳಿ. ಹಳೆಯ ಮದುವೆ ಡಿವಿಡಿಗಳಿಗೂ ಇದೇ ಮದ್ದು.

ಸಿನಿಮಾಗಳದು ಸಾಮಾನ್ಯವಾಗಿ 24 ಚೌಕಟ್ಟಿನ ಲೆಕ್ಕ, ಅವಕ್ಕೆ 24 ಹರ್ಟ್ಸ್ ಬೇಕು. ಪ್ರತಿ ಸಲ ಕೈಯಿಂದ ಬದಲಿಸುವುದು ಬೇಸರದ ಕೆಲಸವಾದ್ದರಿಂದ, ಟಿವಿಗೆಂದೇ ಒಂದು ಕಂಪ್ಯೂಟರ್ ಇಟ್ಟುಕೊಂಡವರಿಗೆ ನಾನು ಕೋಡಿ (Kodi) ಎಂಬ ಪ್ಲೇಯರನ್ನು ಹೇಳುತ್ತೇನೆ: ಕಡತಕ್ಕೆ ತಕ್ಕಂತೆ ರಿಫ್ರೆಶ್ ರೇಟನ್ನು ತಾನೇ ಬದಲಿಸುವ ಸೆಟ್ಟಿಂಗ್ ಅದರಲ್ಲಿದೆ, ಒಮ್ಮೆ ಆನ್ ಮಾಡಿಟ್ಟರೆ ಸಾಕು. ನೋಡಲು ಹಿತವಾಗಿರುವ ಪ್ಲೇಯರ್ ಯಾವುದೆಂದು ಕೇಳುವವರು ಮೊದಲು ಈ ಗುಣವನ್ನು ನೋಡಬೇಕು. ಬಣ್ಣ ಏರಿಸುವ, ಚೂಪುಗೊಳಿಸುವ ಗುಂಡಿಗಳನ್ನಲ್ಲ. ಇಷ್ಟು ಮಾಡಿದ ಮೇಲೂ ಚಿತ್ರ ಗೊತ್ತುಗುರಿಯಿಲ್ಲದೆ ನಿಂತು ನಿಂತು ಓಡಿದರೆ ಮಾತ್ರ ಡಿಕೋಡಿಂಗ್ ಬಗ್ಗೆ ಸಂಶಯಪಡಿ, ವಿಡಿಯೋ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ವಹಿಸುವ ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಆಗಿದೆಯೇ ಎಂದು ನೋಡಿ.

ಪ್ರಶ್ನೆ: ಕನ್ನಡ ಸಬ್‌ಟೈಟಲ್ ಬರೀ ಚೌಕಗಳಾಗಿ ಕಾಣುತ್ತದೆ. (ಮಂಡ್ಯ)

ಉತ್ತರ: ಸಬ್‌ಟೈಟಲ್ ಕಡತವನ್ನು ಕನ್ನಡ ಅಕ್ಷರಗಳನ್ನೂ ಒಳಗೊಳ್ಳುವ ಯುಟಿಎಫ್-8 ಎನ್‌ಕೋಡಿಂಗಿನಲ್ಲಿ ಉಳಿಸಿ, ಪ್ಲೇಯರಿನ ಸಬ್‌ಟೈಟಲ್ ಫಾಂಟನ್ನು ನಿರ್ಮಲಾ ಯುಐ ಅಥವಾ ನೋಟೊ ಸಾನ್ಸ್ ಕನ್ನಡಕ್ಕೆ ಬದಲಿಸಿ.

ಪ್ರಶ್ನೆ: ಸಂಗೀತ ಜೋರು, ಮಾತು ಕೇಳಿಸುವುದಿಲ್ಲ, ವಿಎಲ್‌ಸಿಯಲ್ಲಿ ವಾಲ್ಯೂಮ್ 125 ಇಟ್ಟರೂ ಅಷ್ಟೇ. (ಶ್ರೀರಂಗಪಟ್ಟಣ)

ಉತ್ತರ: 100ರ ಮೇಲೆ ಏರಿಸಿದರೆ ಧ್ವನಿ ಒಡೆಯುತ್ತದೆ, ಸಣ್ಣ ಸ್ಪೀಕರಿಗೂ ಒಳ್ಳೆಯದಲ್ಲ, ಇಳಿಸಿ. ಮಾತು ಇರುವುದು 5.1 ಧ್ವನಿಯ (ಆರು ಚಾನೆಲ್ಲುಗಳಿರುವ ಧ್ವನಿ) ನಡುವಿನ ಚಾನೆಲ್ಲಿನಲ್ಲಿ. ಅದನ್ನು ಎರಡು ಸ್ಪೀಕರಿಗೆ ಇಳಿಸುವಾಗ ಮಾತು ಹಿಂದೆ ಬೀಳುತ್ತದೆ. ಕಡತದಲ್ಲಿ ಸ್ಟೀರಿಯೋ ಟ್ರ್ಯಾಕ್ ಇದ್ದರೆ ಅದನ್ನೇ ಆರಿಸಿ, ಇಲ್ಲದಿದ್ದರೆ ಆಡಿಯೋ ಎಫೆಕ್ಟುಗಳಲ್ಲಿ, ಜೋರು ಮತ್ತು ಮೆಲುದನಿಗಳ ಅಂತರ ತಗ್ಗಿಸುವ ಕಂಪ್ರೆಸರ್ ಆನ್ ಮಾಡಿ.